ನೆಟ್ಟ ಕಣ್ಣಿಗೆ ಕಾಣದ ಸುರುಳಿ

ಫಾರಿನ್ನಿಗೆ ಹೋಗಿ ಬಂದವರನ್ನು ಜನ ಮೊದಲು ಕೇಳೋದು, ಅಲ್ಲಿ ಏನೇನು ನೋಡಿದ್ರಿ ಅಂತ. ನಾನು ಆಫ್ರಿಕಾದ ನಮೀಬಿಯಾ ದೇಶಕ್ಕೆ ಹೋಗಿ ಬಂದೆ. ಸಿಂಹ ನೋಡಲಿಲ್ಲ, ಆನೆ ನೋಡಲಿಲ್ಲ, ಸಮುದ್ರವನ್ನೂ ನೋಡಲಿಲ್ಲ. ನೋಡಿದ್ದು ಆಕಾಶದಲ್ಲಿ ಒಂದು ಮಬ್ಬು ಗುರುತು. ಅದೂ ನೆಟ್ಟಗೆ ನೋಡಿದರೆ ಮಾಯ. "ಅಷ್ಟಕ್ಕೆ ಅಲ್ಲೀಗಂಟ ಹೋದ್ರಾ ಜಯಮ್ಮಾರೇ?" ಅಂತ ಡೈರಿಗೆ ಹಾಲು ಹಾಕೋಕೆ ಬಂದ ಹೆಂಗಸರೆಲ್ಲ ನಕ್ಕರು. ನಗಲಿ ಬಿಡಿ. ಅಷ್ಟಕ್ಕೇ ಹೋಗಿದ್ದು. ಯಾಕೆ ಅಂತ ಒಬ್ಬೊಬ್ಬರಿಗೂ ಹೇಳಿ ಬಾಯಿ ಒಣಗಿತು, ಅದಕ್ಕೇ ಬರೀತಿದೀನಿ.

ಕೈಲಾಂಚ

ರಾಮನಗರದ ಹತ್ತಿರದ ಕೈಲಾಂಚ ನಮ್ಮೂರು. ನಮ್ಮ ಮನೆಯವರು ಮರಳವಾಡಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ರಿಟೈರಾದವರು. ಊರಿಗೆಲ್ಲ ಮೇಷ್ಟ್ರು, ಹಾಗಾಗಿ ನನ್ನ ಬಾಯಲ್ಲೂ ಮೇಷ್ಟ್ರೇ. ನಾನು ರೇಷ್ಮೆ ಹುಳ ಸಾಕೋಳು. ಹುಳ ಸಾಕೋಳಿಗೆ ರಜ ಅನ್ನೋದಿಲ್ಲ. ಮದುವೆಯಾದಾಗಿಂದ ನಾನು ಕಂಡ ದೂರದ ಊರು ಅಂದರೆ ಧರ್ಮಸ್ಥಳ.

ಇವರ ಕೈಲಿ ಪಾಠ ಕಲಿತ ಮಕ್ಕಳು ಇವತ್ತಿಗೂ ರಾಮನಗರದ ಬಸ್‌ಸ್ಟ್ಯಾಂಡಲ್ಲಿ ಸಿಕ್ಕರೆ ನೆನೆಸಿಕೊಳ್ಳೋದು ಒಂದೇ ಪಾಠ, ಎರಡು ಕುಡುಗೋಲಿನದು. ರಾಗಿ ಕೊಯ್ಯೋ ನನ್ನ ಎರಡು ಕುಡುಗೋಲನ್ನು ನನಗೆ ಹೇಳದೆ ಚೀಲಕ್ಕೆ ಹಾಕಿಕೊಂಡು ಹೋಗೋರು. ಕೊಯ್ಲಿನ ದಿನ ಹುಡುಕಿ ಹುಡುಕಿ ನನಗೆ ರೇಗಿಹೋಗೋದು. ಅಲ್ಲಿ ಮೇಜಿನ ಮೇಲೆ ಹಿಡಿಗೆ ಹಿಡಿ ಸೇರಿಸಿ, ಒಂದರ ಬಾಯಿ ಮೇಲಕ್ಕೆ, ಇನ್ನೊಂದರ ಬಾಯಿ ಕೆಳಕ್ಕೆ ಮಾಡಿ ಇಡೋರಂತೆ. "ನೋಡ್ರಪ್ಪಾ, ಇದು ಪಟ್ಟಿ ಇರೋ ಸುರುಳಿ ಗ್ಯಾಲಕ್ಸಿ. ಹಿಡಿ ಸೇರಿದ್ದು ಪಟ್ಟಿ. ಕೋಟಿ ಕೋಟಿ ನಕ್ಷತ್ರ ಉದ್ದಕ್ಕೆ ಒಟ್ಟಾಗಿರೋ ಪಟ್ಟಿ. ಅದರ ಒಂದೊಂದು ತುದಿಯಿಂದ ಒಂದೊಂದು ತೋಳು ಬಾಗಿ ಹೊರಡ್ತದೆ. ನಡುವೆ ಇರೋವು ವಯಸ್ಸಾದ ನಕ್ಷತ್ರ, ಹಳದಿ. ತೋಳಲ್ಲಿರೋವು ಈಗ ಹುಟ್ಟಿದ ಕೂಸುಗಳು, ನೀಲಿ. ಪಟ್ಟಿಯ ಉದ್ದಕ್ಕೂ ಕಪ್ಪು ಧೂಳಿನ ಗೆರೆ. ಅದರ ಗುಂಟ ಅನಿಲ ಜಾರಿ ಜಾರಿ ನಡುವಿಗೆ ಹೋಗಿ ಬೀಳ್ತದೆ. ನಾವಿರೋ ಹಾಲುಹಾದಿಯೂ ಇಂಥದ್ದೇ ಅಂತಾರೆ. ಮನೆ ಒಳಗೆ ಕೂತೋರಿಗೆ ಮನೆ ಆಕಾರ ಕಾಣಲ್ಲ, ಅದಕ್ಕೇ ಪಕ್ಕದ ಮನೆ ನೋಡಬೇಕು."

ಒಂದು ದಿನ ಒಬ್ಬಳು ಹುಡುಗಿ ಎದ್ದು ನಿಂತು, "ಸಾ, ನೀವು ಅದನ್ನ ನೋಡಿದೀರಾ?" ಅಂತ ಕೇಳಿದಳಂತೆ. ಫೋಟೋದಲ್ಲಿ ನೋಡಿದೀನಿ ಅಂದರಂತೆ ಇವರು. "ಫೋಟೋ ನಾವೂ ನೋಡಿದೀವಿ ಬುಡಿ ಸಾ" ಅಂದುಬಿಟ್ಟಳಂತೆ. ಆ ಮಾತು ಮೇಷ್ಟ್ರ ಎದೇಲಿ ಉಳಿದುಬಿಟ್ಟಿತು.

ಕಣ್ಣಿನ ತೊಂದರೆ ಶುರುವಾಗಿದ್ದು ಎರಡು ವರ್ಷದ ಕೆಳಗೆ. "ಈ ಕಿಟಕಿ ಸರಳು ಯಾಕೆ ಸೊಟ್ಟಗೈತೆ?" ಅಂದರು. ಸರಳು ನೆಟ್ಟಗೇ ಇತ್ತು. ಆಮೇಲೆ ನೋಟದ ನಟ್ಟನಡುವೆ ಒಂದು ಮಂಕು ಬಂದು ಕೂತಿತು. ಬೆಂಗಳೂರಿನ ಕಣ್ಣಿನ ಡಾಕ್ಟ್ರು ಪರೀಕ್ಷೆ ಮಾಡಿ, ನಡುವಿನ ನೋಟ ಹೋಗ್ತಾ ಇದೆ, ಅದು ಮತ್ತೆ ಬರೋದಿಲ್ಲ, ಅಂಚಿನದು ಉಳಿಯುತ್ತೆ, ಪಕ್ಕದಿಂದ ನೋಡೋದು ರೂಢಿ ಮಾಡ್ಕೊಳ್ಳಿ ಅಂದರು.

ಮನೆಗೆ ಬಂದ ಮೇಲೆ ಸುಳ್ಳು ಶುರುಮಾಡಿದರು. ಏನು ಕೇಳಿದರೂ "ಕಾಣ್ತದೆ, ಕಾಣ್ತದೆ". ಬೆಳಿಗ್ಗೆ ಪೇಪರ್ ಹಿಡಿದು ಗಟ್ಟಿಯಾಗಿ ಸುದ್ದಿ ಓದೋರು. ನಾನೂ ಪರವಾಗಿಲ್ಲ ಅಂದುಕೊಂಡಿದ್ದೆ. ಒಂದು ದಿನ ನೋಡ್ತೀನಿ, ಕೈಲಿರೋದು ಹಿಂದಿನ ದಿನದ ಪೇಪರು, ಬಾಯಲ್ಲಿರೋದು ಆಗಷ್ಟೇ ರೇಡಿಯೋದಲ್ಲಿ ಬಂದ ಸುದ್ದಿ! ನನಗೆ ನಗು ಬಂತು, ಒಳಗೆ ಹೋಗಿ ಅತ್ತೆ. ಅವತ್ತಿಂದ ಇವರು ಕಾಣ್ತದೆ ಅಂದರೆ ನಾನು ನಂಬೋದು ಬಿಟ್ಟೆ.

ಇನ್ನೊಂದು ಸಂಕಟ ಹೇಳ್ತೀನಿ. ಮುಖ ಕೊಟ್ಟು ಮಾತಾಡೋದೇ ನಿಂತುಹೋಯಿತು. ಡಾಕ್ಟ್ರು ಹೇಳಿದ್ದು ನನ್ನ ತಲೆಗೇನೋ ಹೋಗಿತ್ತು, ಮನಸ್ಸಿಗೆ ಹೋಗಿರಲಿಲ್ಲ. ಇಷ್ಟು ವರ್ಷ ನನ್ನ ಮುಖ ನೋಡಿ ಮಾತಾಡಿದ ಮನುಷ್ಯ, ಗೋಡೆ ನೋಡ್ಕೊಂಡು "ಕಾಫಿ ಆಯ್ತಾ ಜಯ" ಅಂದರೆ ಹೊಟ್ಟೆ ಉರಿಯಲ್ವಾ? ರೇಗಿದಾಗ ಎದುರಿಗೇ ಹೋಗಿ ನಿಂತು, ಗಲ್ಲ ಹಿಡಿದು ತಿರುಗಿಸಿ, "ಇಲ್ಲಿ ನೋಡ್ರಿ, ನಾನಿರೋದು ಇಲ್ಲಿ" ಅಂತಿದ್ದೆ. ಮತ್ತೆ ಮೆಲ್ಲಗೆ ಪಕ್ಕಕ್ಕೆ ತಿರುಗೋರು. ಊರಲ್ಲೂ ಮಾತಾಯಿತು, ಪೆನ್ಷನ್ ಬಂದ ಮೇಲೆ ಮೇಷ್ಟ್ರಿಗೆ ಗತ್ತು ಬಂದೈತೆ, ಮಾತಾಡಿಸಿದರೆ ಮುಖ ತಿರುಗಿಸ್ಕತಾರೆ ಅಂತ.

ಹೀಗಿರುವಾಗ ಒಂದು ದಿನ ನಾನು ಸೊಪ್ಪು ಕತ್ತರಿಸ್ತಾ ಕೂತಿದ್ದಾಗ, "ಜಯ, ಪೂರ್ತಿ ಹೋಗೋಕೆ ಮುಂಚೆ ಅದನ್ನ ಒಂದ್ಸಲ ನೋಡಬೇಕು ಕಣೆ" ಅಂದರು. ಏನನ್ನ ಅಂತ ಕೇಳೋ ಅಗತ್ಯವೇ ಇರಲಿಲ್ಲ. ಆ ಕುಡುಗೋಲಿನ ಗ್ಯಾಲಕ್ಸಿ ನಮ್ಮೂರಿನ ತೆಂಕಲ ಆಕಾಶದಲ್ಲೂ ಒಸಿ ಹೊತ್ತು ಬರ್ತದಂತೆ. ಆದರೆ ಬಿಡದಿ, ಬೆಂಗಳೂರಿನ ಬೆಳಕು ಅದನ್ನು ನುಂಗಿ ನೀರು ಕುಡಿಯುತ್ತೆ. ತೆಂಕಲ ದೇಶಕ್ಕೆ, ಕತ್ತಲಿರೋ ಕಡೆಗೆ ಹೋಗಬೇಕು. ಮಂಡ್ಯದಲ್ಲಿ ಟೀಚರಾಗಿರೋ ಮಗಳು ರೂಪ ಅದೆಲ್ಲಿಂದಲೋ ಹುಡುಕಿದಳು. ನಮೀಬಿಯಾದಲ್ಲಿ ಕುರಿ ಸಾಕೋ ಒಬ್ಬರ ಜಮೀನು ಇದೆ, ಅಲ್ಲಿ ದೊಡ್ಡ ದೂರದರ್ಶಕ ಇದೆ, ಇಳಿದುಕೊಳ್ಳೋಕೆ ಮನೆಯೂ ಇದೆ ಅಂತ. ಕಾರ್ತಿಕದ ಅಮಾವಾಸ್ಯೆ ಆಸುಪಾಸಿಗೆ ಗೊತ್ತುಮಾಡಿದಳು. ಹುಳಗಳನ್ನು ನನ್ನ ತಂಗಿಗೆ ಒಪ್ಪಿಸಿ ಹೊರಟೆವು.

ನನಗಿದ್ದ ಭಯ ಒಂದೇ. ಅಷ್ಟು ದೂರ ಹೋಗಿ, ಕಾಣದೇ ಇದ್ದರೂ ನನ್ನ ಸಮಾಧಾನಕ್ಕೆ ಇವರು "ಕಾಣ್ತದೆ" ಅಂದುಬಿಟ್ಟರೆ?

ವಿಂಡ್‌ಹುಕ್

ವಿಂಡ್‌ಹುಕ್ ಅನ್ನೋದು ಆ ದೇಶದ ರಾಜಧಾನಿ. ವಿಮಾನ ಇಳಿದ ಮೇಲೆ ಪಾಸ್‌ಪೋರ್ಟ್ ನೋಡೋಳು ಮೇಷ್ಟ್ರಿಗೆ ಕ್ಯಾಮೆರಾ ತೋರಿಸಿ, ನೋಡಿ ಅಂದಳು. ಮೇಷ್ಟ್ರು ಅದನ್ನು ನೋಡೋಕೆ ಅಂತಲೇ ಮುಖವನ್ನು ಪಕ್ಕದ ಕಂಬಕ್ಕೆ ತಿರುಗಿಸಿದರು. ಇಲ್ಲಿ ನೋಡಿ ಅಂದಳು. ಇನ್ನೊಂದು ಕಡೆ ತಿರುಗಿಸಿದರು. ಅವಳ ಹುಬ್ಬು ಮೇಲೇರಿತು. ಹಿಂದೆ ನಿಂತಿದ್ದೋರೆಲ್ಲ ಕತ್ತು ಉದ್ದ ಮಾಡಿ ನೋಡೋಕೆ ಶುರುಮಾಡಿದರು. ನನ್ನ ಇಂಗ್ಲಿಷು ಎಷ್ಟಿದೆಯೋ ಅಷ್ಟನ್ನೂ ಒಟ್ಟುಗೂಡಿಸಿ, "ಮೇಡಂ, ಹೀ ಲುಕಿಂಗ್ ಓನ್ಲಿ! ಐ ಪ್ರಾಬ್ಲಂ!" ಅಂದೆ. ಅವಳು ಎದ್ದು ಬಂದು, ಅವರ ಕೆನ್ನೆಗೆ ಎರಡು ಬೆರಳು ಮೆಲ್ಲಗೆ ಇಟ್ಟು, ಕ್ಯಾಮೆರಾ ಕಡೆ ತಿರುಗಿಸಿ ಹಿಡಿದಳು. ಫೋಟೋ ಆದ ಮೇಲೆ "ಸಾರಿ ಪಾಪಾ" ಅಂದಳು. ನಾನು ರೇಗಿ ತಿರುಗಿಸ್ತಿದ್ದ ಮುಖವನ್ನು ಅವಳು ಹೂ ಮುಟ್ಟಿದ ಹಾಗೆ ಮುಟ್ಟಿದ್ದು ನೋಡಿ ನನಗೆ ಒಂಥರಾ ಆಯಿತು.

ಅಲ್ಲಿಂದ ಬಿಟ್ಟರೆ ನನ್ನ ರಾಗಿ ಹಿಟ್ಟಿನ ವಿಚಾರಣೆ. ಬ್ಯಾಗು ತೆಗೆಸಿದ ದಪ್ಪ ಮನುಷ್ಯ ಪೊಟ್ಟಣ ಎತ್ತಿ ಹಿಡಿದು, ಇದೇನು ಅಂತ ಕೇಳಿದ. ಫುಡ್ ಅಂದೆ. ಮೂಸಿ ನೋಡಿದ. ಮೇಷ್ಟ್ರು ಇಂಗ್ಲಿಷಲ್ಲಿ ರಾಗಿಯ ವಂಶವೃಕ್ಷ ಶುರುಮಾಡಿದರು, ಅವನಿಗೆ ಇನ್ನಷ್ಟು ಅನುಮಾನ ಬಂತು. ನಾನು ಮುಂದೆ ಹೋಗಿ, ಗಾಳಿಯಲ್ಲೇ ಪಾತ್ರೆ ಇಟ್ಟು, ಕೋಲು ಹಿಡಿದು ತೊಳಸಿ, ಉಂಡೆ ಕಟ್ಟಿ, ಮುರಿದು, ಸಾರಿಗೆ ಅದ್ದಿ, ನುಂಗಿ ತೋರಿಸಿದೆ. ಆ ಮನುಷ್ಯನ ಮುಖ ಅರಳಿತು ನೋಡಿ! "ಓ, ಮಹಾಂಗು!" ಅಂದ. ಅದೇನೋ ಗೊತ್ತಾಗದಿದ್ದರೂ ಎಸ್ ಎಸ್ ಅಂದೆ. ಪೊಟ್ಟಣ ವಾಪಸ್ಸು ಕೊಟ್ಟ.

ಡೀಟರ್ ಅವರ ಜಮೀನು

ಊರು ದಾಟಿದ ಮೇಲೆ ಕಾರು ಮಣ್ಣಿನ ರಸ್ತೆಯಲ್ಲಿ ಹೋಗ್ತಾನೇ ಇತ್ತು, ಒಂದು ಟೀ ಅಂಗಡಿ ಇಲ್ಲ, ಒಂದು ನರಪಿಳ್ಳೆ ಇಲ್ಲ. ಆಮೇಲೆ ಬಂದವು ಬಂಡೆಗಳು. ನನಗೆ ಕಣ್ಣಲ್ಲಿ ನೀರು ಬಂತು. ಥೇಟ್ ನಮ್ಮ ರಾಮನಗರದ ಬೆಟ್ಟಗಳೇ. ಅದೇ ಗುಂಡು, ಅದರ ಮೇಲೆ ಇನ್ನೊಂದು ಗುಂಡು, ಈಗ ಬಿದ್ದೀನಿ ಆಗ ಬಿದ್ದೀನಿ ಅಂತ ಕೂತಿರೋವು. ಹಸಿರು ಮಾತ್ರ ಇಲ್ಲ. "ರೀ, ನಮ್ಮೂರ ಬೆಟ್ಟ ಕಣ್ರೀ" ಅಂದೆ. ಮೇಷ್ಟ್ರು ಕಾರಿನ ಮುಂದಿನ ಸೀಟಿನ ಬೆನ್ನು ನೋಡ್ತಾ, "ಹೂಂ, ಕಾಣ್ತದೆ" ಅಂದರು. ನಂಬಲಿಲ್ಲ, ಆದರೂ ಕೈ ಹಿಡಿದುಕೊಂಡೆ.

ಡೀಟರ್ ಅನ್ನೋರು ಎಪ್ಪತ್ತು ದಾಟಿದ ಮನುಷ್ಯ, ಅವರ ತಾತನ ಕಾಲಕ್ಕೇ ಜರ್ಮನಿಯಿಂದ ಬಂದ ಕುಟುಂಬ. ಕುರಿ ಸಾಕಿ ಸಾಕಾಗಿ ಈಗ ನಕ್ಷತ್ರ ಸಾಕ್ತಿದೀನಿ ಅನ್ನೋ ಅರ್ಥದಲ್ಲಿ ಏನೋ ಹೇಳಿ ತಾವೇ ನಕ್ಕರು. ಅಂಗಳದಾಚೆ ಅವರ ದೂರದರ್ಶಕ ಇತ್ತು. ನಾನು ಕೊಳವೆ ಥರ ಇರುತ್ತೆ ಅಂದುಕೊಂಡಿದ್ದೆ. ಅದು ನಮ್ಮ ಮನೆ ನೀರಿನ ಡ್ರಮ್ಮಿಗಿಂತ ದಪ್ಪ, ನೋಡೋಕೆ ಏಣಿ ಹತ್ತಬೇಕು. ಮೇಷ್ಟ್ರು ಅದರ ಮೈ ಎಲ್ಲ ಸವರಿ ಸವರಿ ನೋಡಿದರು, ಹೊಸ ಹಸು ತಂದಾಗ ನಮ್ಮಪ್ಪ ಸವರ್ತಿದ್ದ ಹಾಗೆ. ಆಮೇಲೆ ಡೀಟರ್ ಅವರಿಗೆ ತಮ್ಮ ಕಣ್ಣಿನ ವಿಷಯ ಮುಚ್ಚುಮರೆ ಇಲ್ಲದೆ ಹೇಳಿದರು. ಅವರು ತಲೆ ಕೆರೆದುಕೊಂಡು, "ನೋಡೋಣ" ಅಂದರು. ಆ "ನೋಡೋಣ" ನನಗೆ ಹಿಡಿಸಲಿಲ್ಲ.

ಮೊದಲ ಸಂಜೆಯೇ ಆಕಾಶ ತೊಳೆದಿಟ್ಟ ಹಾಗಿತ್ತು. ಕತ್ತಲಲ್ಲಿ ಕಣ್ಣು ಹದಕ್ಕೆ ಬರಬೇಕು ಅಂತ ಮೇಷ್ಟ್ರನ್ನು ಡೀಟರ್ ಅಂಗಳದಲ್ಲಿ ಕೂರಿಸಿಕೊಂಡಿದ್ದರು. ನಾನು ಸ್ನಾನ ಮುಗಿಸಿ ಬಂದು ನೋಡ್ತೀನಿ, ಮನೆ ಪೂರ್ತಿ ಕತ್ತಲು! ಮುಸ್ಸಂಜೆ ಹೊತ್ತಲ್ಲಿ ದೀಪ ಇಲ್ಲದ ಮನೆ! ನಮ್ಮತ್ತೆ ಇದ್ದಿದ್ದರೆ ಏನನ್ನೋರು! ಪಾಪ, ಕೆಲಸದ ಗಡಿಬಿಡಿಯಲ್ಲಿ ಮರೆತಿದಾರೆ ಅಂದುಕೊಂಡು, ಗೋಡೆ ತಡವಿ ಕೈಗೆ ಸಿಕ್ಕ ಸ್ವಿಚ್ಚನ್ನೆಲ್ಲ ಹಾಕಿ, ಕೈ ಮುಗಿದೆ. ಅದರಲ್ಲೊಂದು ಅಂಗಳದ ದೊಡ್ಡ ಲೈಟು. ಹೊರಗಿಂದ ಕೂಗೋ ಕೂಗು. ಜರ್ಮನ್ನಿನಲ್ಲಿ ಬೈದಿದ್ದು ಒಂದೂ ಅರ್ಥವಾಗಲಿಲ್ಲ, ಎಲ್ಲವೂ ಅರ್ಥವಾಯಿತು.

ಬೆಳಕು ಬಿದ್ದ ಕಣ್ಣು ಮತ್ತೆ ಹದಕ್ಕೆ ಬರೋಕೆ ಸುಮಾರು ಹೊತ್ತು ಬೇಕಂತೆ. ಆ ಹೊತ್ತು ಕಳೆಯೋದರೊಳಗೆ ಎಲ್ಲಿತ್ತೋ ಮೋಡ, ಬಂದು ಮುಚ್ಚಿಕೊಂಡಿತು. ನಾನು ಮೂಲೆಯಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡೆ. ಮೇಷ್ಟ್ರು ತಡವರಿಸಿಕೊಂಡು ಬಂದು ಪಕ್ಕ ಕೂತರು. "ಅಳಬ್ಯಾಡ ಬುಡು. ದೀಪ ಹಚ್ಚಿದ್ದಕ್ಕೆ ಯಾರಾದ್ರೂ ಅಳ್ತಾರಾ?" ಅಂದರು.

ಸೆಲ್ಮಾಳ ಅಡುಗೆಮನೆ

ಮಾರನೇ ದಿನವೂ ಮೋಡ. ಮೇಷ್ಟ್ರು ಆಕಾಶಕ್ಕೆ ಮುಖ ಮಾಡಿ ಕೂತರು, ನಾನು ಅಡುಗೆಮನೆ ಸೇರಿದೆ. ಅಲ್ಲಿ ಅಡುಗೆ ಮಾಡೋ ಸೆಲ್ಮಾ ನನ್ನ ವಾರಿಗೆಯವಳು, ಬಡಗಣ ಸೀಮೆಯ ಹಳ್ಳಿಯವಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಸಮ ಸಮ ಇದ್ದುದರಿಂದ ಚೆನ್ನಾಗಿ ಹೊಂದಿಕೊಂಡಿತು. ನಾನು ರಾಗಿ ಹಿಟ್ಟು ಹಾಕಿ ತೊಳಸೋದು ನೋಡಿ ಅವಳು ಸೊಂಟದ ಮೇಲೆ ಕೈ ಇಟ್ಟು ನಕ್ಕಳೇ ನಕ್ಕಳು. ತನ್ನ ಡಬ್ಬಿ ತೆಗೆದು ಬೂದು ಬಣ್ಣದ ಹಿಟ್ಟು ತೋರಿಸಿದಳು. ಅದೇ ಮಹಾಂಗು. ಬಾಯಿಗೆ ಹಾಕಿಕೊಂಡೆ, ನಮ್ಮ ಸಜ್ಜೆ! ಅವಳೂ ಕೋಲಲ್ಲಿ ತೊಳಸಿ ಗಟ್ಟಿ ಮಾಡಿ, ಕೈಯಲ್ಲಿ ಮುರಿದು, ಸೊಪ್ಪಿನ ಗೊಜ್ಜಿಗೆ ಅದ್ದಿ ತಿಂತಾಳೆ. ಒಂದೇ ವ್ಯತ್ಯಾಸ, ಅಗಿದು ತಿಂತಾಳೆ. ನುಂಗಬೇಕು ಅಂತ ಕಲಿಸೋಕೆ ಹೋದೆ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸಿದಳು.

ತಿನ್ನುವಾಗ ಅವಳು ಹೊರಗೆ ಕೂತಿದ್ದ ಮೇಷ್ಟ್ರನ್ನು ತೋರಿಸಿ ಏನೋ ಅಂದಳು. ಎರಡು ಮೂರು ಸಲ ಕೇಳಿದ ಮೇಲೆ ತಿಳಿಯಿತು. ನಿನ್ನ ಗಂಡ ಬಹಳ ಮರ್ಯಾದಸ್ಥ ಅಂತಿದ್ದಾಳೆ! ಅವಳ ಊರಲ್ಲಿ ಎದುರಿನವರ ಮುಖವನ್ನು ನೆಟ್ಟಗೆ ದಿಟ್ಟಿಸೋದು ಒರಟುತನವಂತೆ. ದೊಡ್ಡವರ ಹತ್ತಿರ ಮಾತಾಡೋವಾಗ ಕಣ್ಣು ಪಕ್ಕಕ್ಕೋ ಕೆಳಕ್ಕೋ ಇಟ್ಟುಕೊಳ್ಳಬೇಕಂತೆ. ಇವರು ಅಡುಗೆಯವಳಾದ ತನ್ನ ಹತ್ತಿರವೂ ಹಾಗೇ ಮಾತಾಡಿದರಂತೆ, ಯಾವ ಅತಿಥಿಯೂ ತನಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲವಂತೆ. ನಮ್ಮೂರಲ್ಲಿ ಗತ್ತು, ಇಲ್ಲಿ ಮರ್ಯಾದೆ! ನಾನು ಅವಳಿಗೆ ಕಣ್ಣಿನ ವಿಷಯ ಹೇಳಲಿಲ್ಲ. ಮರ್ಯಾದಸ್ಥರೇ ಆಗಿರಲಿ ಅನ್ನಿಸಿತು.

ನೀವು ಯಾಕೆ ಬಂದಿದೀರಿ ಅಂತ ಕೇಳಿದಳು. ಎರಡು ಚಮಚದ ಹಿಡಿ ಸೇರಿಸಿಟ್ಟು, ಆಕಾಶ ತೋರಿಸಿ, ಮೇಷ್ಟ್ರನ್ನು ತೋರಿಸಿ, ಕಣ್ಣು ತೋರಿಸಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಕಿಟಕಿಯಿಂದ ಮೋಡ ನೋಡಿ ನಾಲಿಗೆ ಲೊಚಗುಟ್ಟಿದಳು. ನಮಗೆ ಉಳಿದಿದ್ದು ಇನ್ನೊಂದೇ ಸಂಜೆ.

ಕೊನೆಯ ಸಂಜೆ

ಮೂರನೇ ದಿನ ಮಧ್ಯಾಹ್ನವೆಲ್ಲ ಬಿಸಿಗಾಳಿ ಬೀಸಿತು. ಹೊತ್ತು ಮುಳುಗೋವಾಗ ನೋಡ್ತೀನಿ, ಒಂದು ತುಂಡು ಮೋಡವಿಲ್ಲ. ಸೆಲ್ಮಾ ಓಡಿ ಬಂದು ನನ್ನ ಎರಡೂ ಕೈ ಹಿಡಿದು ಕುಣಿಸಿದಳು. ನಾನಂತೂ ಸ್ವಿಚ್ಚು ಇರೋ ಗೋಡೆಯ ಹತ್ತಿರವೇ ಸುಳಿಯಲಿಲ್ಲ. ಸಂಜೆ ಊಟಾನೂ ಕತ್ತಲಲ್ಲೇ, ಕಣ್ಣಿನ ಹದ ಕೆಡಿಸದ ಒಂದು ಕೆಂಪು ಟಾರ್ಚಿನ ಬೆಳಕಲ್ಲಿ ಮುಗಿಸಿದೆವು.

ಕತ್ತಲಾಯಿತು ಅಂದರೆ ನಮ್ಮೂರಿನ ಕತ್ತಲಲ್ಲ. ನಕ್ಷತ್ರ ಬೆಟ್ಟದ ಬುಡದವರೆಗೂ ಇಳಿದಿದ್ದವು. ಹಾಲುಹಾದಿ ಪಡುವಣ ಬೆಟ್ಟದ ಅಂಚಿಗೆ ಒರಗಿತ್ತು. ನಾನು ಅದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಡೀಟರ್ ಆ ದೊಡ್ಡ ಡ್ರಮ್ಮನ್ನು ಆಗ್ನೇಯಕ್ಕೆ ತಿರುಗಿಸಿ, ಏನೇನೋ ಹೊಂದಿಸಿ, ಮೊದಲು ಅಮ್ಮ ನೋಡಲಿ ಅಂದರು.

ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದೆ. ಕಣ್ಣಿಟ್ಟೆ. ಕಪ್ಪು. ಅಲ್ಲಲ್ಲಿ ಚುಕ್ಕಿ. ನಟ್ಟನಡುವೆ ಏನೋ ಒಂದು ಮಂಜಿನ ಹನಿ, ಗಾಜಿಗೆ ಉಸಿರು ತಾಗಿದ ಹಾಗೆ. ಇನ್ನೂ ಕಣ್ಣರಳಿಸಿ ನೋಡಿದೆ, ಅದೂ ಹೋಯಿತು. ಎರಡೂ ಕಣ್ಣು ಸರಿ ಇರೋ ನನಗೇ ಇಷ್ಟು. ಇವರಿಗೆ ಏನು ಕಾಣುತ್ತೆ? ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರೋಕೆ ಹತ್ತಿರತ್ತಿರ ಆರು ಕೋಟಿ ವರ್ಷ ಹಿಡಿದಿದೆ ಅಂತ ಮೇಷ್ಟ್ರು ವಿಮಾನದಲ್ಲಿ ಹೇಳಿದ್ದರು. ಅಷ್ಟು ದೂರ ಬಂದಿದ್ದು ಈ ಕಣ್ಣಿನ ಬಾಗಿಲವರೆಗೆ ಬಂದು ವಾಪಸ್ಸು ಹೋಗುತ್ತಲ್ಲಪ್ಪಾ ಅನ್ನಿಸಿತು. ಇಳಿದೆ. ಇವರ ಕೈ ಹಿಡಿದು ಏಣಿಗೆ ಮುಟ್ಟಿಸಿದೆ.

ಮೇಷ್ಟ್ರು ಹತ್ತಿದರು. ನಾನು ಕೆಳಗೆ ನಿಂತು ಅವರ ಸೊಂಟ ಹಿಡಿದುಕೊಂಡೆ. ಕಣ್ಣಿಟ್ಟರು. ತಲೆಯನ್ನು ಒಸಿ ಆ ಕಡೆ, ಒಸಿ ಈ ಕಡೆ ವಾಲಿಸಿದರು. ಕೈಗೆ ಅವರ ಉಸಿರು ನಿಂತಿದ್ದು ಗೊತ್ತಾಯಿತು.

"ಕಾಣ್ತದೆ ಜಯ" ಅಂದರು.

ನನಗೆ ಅಳು ಬಂತು, ಸಂತೋಷಕ್ಕಲ್ಲ. ಆ ಮಾತನ್ನು ಎರಡು ವರ್ಷದಿಂದ ಕೇಳ್ತಾ ಇದ್ದೆನಲ್ಲ. "ನನ್ನ ಹತ್ರ ಸುಳ್ಳು ಬ್ಯಾಡ ಕಣ್ರೀ. ಕಾಣದಿದ್ದರೆ ಕಾಣದು ಅನ್ನಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ" ಅಂದೆ.

"ಸುಳ್ಳಲ್ಲ ಕಣೆ. ಪಟ್ಟಿ ಮಲಗೈತೆ. ಬೋರ್ಡ್ ಮ್ಯಾಲೆ ನಾನು ಯಾವಾಗ್ಲೂ ನಿಲ್ಲಿಸಿ ಬರೀತಿದ್ದೆ, ಇದು ಮಲಗೈತೆ, ಒಸಿ ಓರೆಯಾಗಿ. ನಡುವೆ ದಟ್ಟ. ಒಂದು ತುದಿಯಿಂದ ತೋಳು ಎದ್ದು ಬಾಗ್ತದೆ, ಅದು ಚೆನ್ನಾಗಿ ಕಾಣ್ತದೆ. ಇನ್ನೊಂದು ತುದೀದು ತೆಳು. ತೆಳು ಐತೆ, ಆದ್ರೂ ಐತೆ. ಕುಡ್ಲು ಕಣೆ, ನಿನ್ನ ರಾಗಿ ಕೊಯ್ಯೋ ಕುಡ್ಲೇ!"

ಹೇಳಿದ್ದನ್ನೇ ಇಂಗ್ಲಿಷಲ್ಲಿ ಡೀಟರ್ ಅವರಿಗೂ ಹೇಳಿದರು. ಡೀಟರ್ ಮೇಷ್ಟ್ರನ್ನು ಇಳಿಸಿ ತಾವು ಹತ್ತಿ ನೋಡಿದರು. ಇಳಿದು ಬಂದು ಟೋಪಿ ತೆಗೆದರು. ಅವರು ಬಿಡಿಸಿ ಬಿಡಿಸಿ ಹೇಳಿದ್ದನ್ನು ಮೇಷ್ಟ್ರು ನನಗೆ ಕನ್ನಡದಲ್ಲಿ ಹೇಳಿದರು. ಡೀಟರ್ ಅವರ ಮಾತು ಇಷ್ಟು. ಪಟ್ಟಿ ಓರೆಯಾಗಿ ಮಲಗಿರೋದು ನಿಜ. ಒಂದು ತೋಳು ದಟ್ಟ, ಒಂದು ತೆಳು ಅನ್ನೋದೂ ನಿಜ, ಅದನ್ನು ನಾನು ಇವರಿಗೆ ಮೊದಲೇ ಹೇಳಿರಲಿಲ್ಲ. ಮೊದಲ ಸಲ ನೋಡೋರಿಗೆ ನಡುವಿನ ಮಬ್ಬು ಬಿಟ್ಟು ಏನೂ ಕಾಣೋದಿಲ್ಲ, ಯಾಕಂದರೆ ಎಲ್ಲರೂ ನೆಟ್ಟಗೆ ನೋಡ್ತಾರೆ. ಕಣ್ಣಿನ ನಡುಭಾಗ ಹಗಲಿಗೆ ಮಾಡಿದ್ದು, ಇಷ್ಟು ಮಂಕು ಬೆಳಕಿಗೆ ಅದು ಕುರುಡು. ಕತ್ತಲಿಗೆ ಆಗೋದು ಅಂಚು. ಪಕ್ಕಕ್ಕೆ ನೋಡಿ, ಪಕ್ಕಕ್ಕೆ ನೋಡಿ ಅಂತ ಬಂದವರಿಗೆಲ್ಲ ಹೇಳಿ ಹೇಳಿ ಸುಸ್ತಾಗ್ತೀನಿ, ಕಣ್ಣು ಕೇಳೋದಿಲ್ಲ. ಇವರಿಗೆ ಅದು ಬಂದುಬಿಟ್ಟಿದೆ.

"ಎರಡು ವರ್ಷದಿಂದ ಪ್ರಾಕ್ಟೀಸ್ ಮಾಡ್ತಾ ಇದೀನಿ" ಅಂದರು ಮೇಷ್ಟ್ರು. ಅಂದು, ಜೋರಾಗಿ ನಕ್ಕರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ನಾನು ಆ ಕತ್ತಲಲ್ಲಿ, ಪರದೇಶದವರ ಎದುರಿಗೆ, ಅವರ ಹೆಗಲಿಗೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತೆ.

"ಇನ್ನೊಂದ್ಸಲ ಹತ್ತು ಮ್ಯಾಕೆ" ಅಂದರು ಇವರು.

"ನಂಗೆ ಕಾಣಕ್ಕಿಲ್ಲ, ಬುಡಿ."

"ಕಾಣ್ತದೆ. ಹುಳ ಹಣ್ಣಾದಾಗ ನಮ್ಮವ್ವ ನಿಂಗೆ ಏನು ಹೇಳ್ತಿತ್ತು?"

ನಮ್ಮತ್ತೆ ಹೇಳ್ತಿದ್ದುದನ್ನು ಮರೆಯೋಕಾಗುತ್ತಾ? ಹುಳ ಹಣ್ಣಾದ ಮೇಲೆ, ಅಂದರೆ ಮೇವು ಬಿಟ್ಟು ಗೂಡು ಕಟ್ಟೋಕೆ ತಯಾರಾದ ಮೇಲೆ, ಅವನ್ನು ಚಂದ್ರಂಕಿ ಮೇಲೆ ಬಿಡ್ತೀವಿ. ಚಂದ್ರಂಕಿ ಅಂದರೆ ಬಿದಿರಿನ ತಟ್ಟಿ, ಹುಳ ಗೂಡು ಕಟ್ಟಲಿ ಅಂತ ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರು ಹೆಣೆದಿರ್ತಾರೆ. ಆಗ ನಮ್ಮತ್ತೆ ಯಾರನ್ನೂ ಹುಳದ ಮನೆ ಒಳಗೆ ಬಿಡ್ತಿರಲಿಲ್ಲ. ನನ್ನನ್ನು ಬಿಟ್ಟರೂ ಬಾಗಿಲಲ್ಲೇ ಹೇಳೋರು, "ನೆಟ್ಟ ಕಣ್ಣಾಕ್ಬ್ಯಾಡ ಕಣವ್ವಾ, ದೃಷ್ಟಿ ಆಯ್ತದೆ. ಓರೆಗಣ್ಣಲ್ಲಿ ನೋಡ್ಕಂಡು ಬಾ." ನಾನೂ ಗೋಡೆ ನೋಡೋ ಹಾಗೆ ಮಾಡಿಕೊಂಡು, ಯಾವ ಹುಳ ನೂಲು ಬಿಟ್ಟಿದೆ, ಯಾವುದು ಬಿಟ್ಟಿಲ್ಲ ಅಂತ ಎಲ್ಲ ನೋಡಿಕೊಂಡು ಬರ್ತಿದ್ದೆ.

ಏಣಿ ಹತ್ತಿದೆ. ಕಣ್ಣಿಟ್ಟೆ. ಹುಳದ ಮನೆ ಬಾಗಿಲಲ್ಲಿ ನಿಂತ ಹಾಗೆ, ನಿನ್ನನ್ನು ನೋಡೋಕೆ ಬಂದಿಲ್ಲಪ್ಪಾ ಅನ್ನೋ ಹಾಗೆ, ಅಂಚಿನ ಒಂದು ಚುಕ್ಕಿಯ ಕಡೆ ಕಣ್ಣು ಹಾಕಿದೆ. ನಡುವಿನ ಮಬ್ಬು ಮೆಲ್ಲಗೆ ಉದ್ದವಾಯಿತು. ಪಟ್ಟಿ! ತುದಿಯಲ್ಲಿ ಒಂದು ಬಾಗು. ಹೌದು, ಕುಡುಗೋಲೇ. ಇನ್ನೊಂದು ತೆಳು ತೋಳು ನನಗೆ ಕಾಣಲಿಲ್ಲ, ಸುಳ್ಳು ಹೇಳಲ್ಲ. ಅದು ಇವರಿಗೆ ಮಾತ್ರ ಕಂಡಿದ್ದು. ಆಸೆಯಾಗಿ ನೆಟ್ಟಗೆ ನೋಡಿದೆ, ಎಲ್ಲ ಮಾಯ. ಮತ್ತೆ ಪಕ್ಕಕ್ಕೆ ನೋಡಿದೆ, ಮತ್ತೆ ಬಂತು.

ಅಲ್ಲೇ, ಆ ಏಣಿಯ ಮೇಲೇ, ನನಗೆ ಇನ್ನೊಂದು ಹೊಳೆಯಿತು. ಇಳಿದು ಬಂದು ಇವರ ಕೈ ಹಿಡಿದು ಕೇಳಿದೆ. "ರೀ, ನಾನು ಸಿಟ್ಟಲ್ಲಿ ನಿಮ್ಮ ಎದುರಿಗೆ ಬಂದು ನಿಲ್ತಿದ್ದೆನಲ್ಲ, ಆಗ..."

"ಆಗ ನೀನು ಇರ್ತಿರಲಿಲ್ಲ" ಅಂದರು. "ಅದೊಂದು ಜಾಗದಲ್ಲಿ ನಂಗೆ ಏನೂ ಇಲ್ಲ ಕಣೆ. ನೀನು ಎದುರಿಗೆ ಬಂದ ತಕ್ಷಣ ಹೋಗ್ಬುಡ್ತೀಯ. ಅದಕ್ಕೇ ಮುಖ ತಿರುಗಿಸ್ಕೊಳ್ಳೋದು, ನೀನು ಕಾಣಲಿ ಅಂತ. ನೀನು ಗಲ್ಲ ಹಿಡಿದು ಮತ್ತೆ ತಿರುಗಿಸ್ತೀಯ."

"ಹೇಳಬಾರದಾಗಿತ್ತಾ?"

"ಎದುರಿಗೆ ನಿಂತಿರೋಳಿಗೆ ನೀನು ಕಾಣ್ತಿಲ್ಲ ಅಂತ ಹೆಂಗೆ ಹೇಳ್ಲಿ?"

ಮತ್ತೆ ಕೈಲಾಂಚ

ಹೊರಡೋವಾಗ ಸೆಲ್ಮಾ ನನಗೆ ಒಂದು ಡಬ್ಬಿ ಮಹಾಂಗು ಹಿಟ್ಟು ಕೊಟ್ಟಳು, ನಾನು ಉಳಿದ ರಾಗಿ ಹಿಟ್ಟು ಕೊಟ್ಟೆ. ಮೇಷ್ಟ್ರು ಅವಳಿಗೆ ಕೈ ಮುಗಿದರು, ಬಾಗಿಲ ಕಡೆ ನೋಡಿಕೊಂಡು. ಅವಳೂ ನೆಲ ನೋಡಿಕೊಂಡು ಕೈ ಮುಗಿದಳು. ಅಷ್ಟು ಚೆಂದದ ಬೀಳ್ಕೊಡುಗೆ ನಾನು ಎಲ್ಲೂ ನೋಡಿಲ್ಲ.

ಊರಿಗೆ ಬಂದು ಸುಮಾರು ದಿನವಾಯಿತು. ಹುಳ ನಾಲ್ಕನೇ ಜ್ವರ ಮುಗಿಸಿ ಎದ್ದಿವೆ, ಅಂದರೆ ಪೊರೆ ಬಿಟ್ಟು ಮತ್ತೆ ಮೇಯೋಕೆ ಶುರುಮಾಡಿವೆ. ಕೈಗೆ ಪುರುಸೊತ್ತಿಲ್ಲ. ಇವರ ಕಣ್ಣಿನ ನಡುವಿನ ಮಂಕು ಇನ್ನೊಂದಿಷ್ಟು ದೊಡ್ಡದಾಗಿದೆ. ಈಗ ಪೇಪರ್ ನಾನು ಓದ್ತೀನಿ, ಇವರು ಕೇಳ್ತಾರೆ. ಕಾಣದಿದ್ದರೆ ಕಾಣದು ಅಂತಾರೆ. ಕಾಣ್ತದೆ ಅಂದರೆ ನಾನು ನಂಬ್ತೀನಿ. ಕುಡುಗೋಲು ಎರಡೂ ಅಟ್ಟದ ಮೇಲಿಲ್ಲ, ಹಿಡಿಗೆ ಹಿಡಿ ಸೇರಿಸಿ ನಡುಮನೆ ಗೋಡೆಗೆ ಮೊಳೆ ಹೊಡೆದಿದಾರೆ. ರಾಗಿ ಕೊಯ್ಯೋಕೆ ಬೇರೆ ತರಬೇಕಾಯಿತು.

ನಾನೂ ಒಂದು ಬದಲಾವಣೆ ಮಾಡಿಕೊಂಡಿದೀನಿ. ಕಾಫಿ ಕೊಟ್ಟು ಎದುರಿಗೆ ಕೂರೋದಿಲ್ಲ. ಜಗಲಿಯಲ್ಲಿ ಅವರ ಬಲಗಡೆ, ಒಂದು ಮಾರು ಈಚೆಗೆ ಕೂರ್ತೀನಿ. ಅವರು ಬೀದಿ ಕಡೆ ಮುಖ ಮಾಡಿ ಕೂತಿರ್ತಾರೆ. ಡೈರಿಗೆ ಹೋಗೋ ಹೆಂಗಸರು ನೋಡಿ, ಇನ್ನೂ ಗಂಡ ಹೆಂಡಿರ ಮುನಿಸು ತೀರಿಲ್ಲ ಅಂತ ಪಿಸಿಪಿಸಿ ಮಾಡ್ತಾರೆ. ನಾನು ತಿದ್ದೋಕೆ ಹೋಗಲ್ಲ.

ಇವತ್ತು ಬೆಳಿಗ್ಗೆಯೂ ಹಾಗೇ ಕೂತಿದ್ದೆವು. ನಾನು ಸೊಪ್ಪು ಬಿಡಿಸ್ತಿದ್ದೆ. ಮೇಷ್ಟ್ರು ಬೀದಿಯಾಚೆಯ ಲೈಟುಕಂಬವನ್ನೇ ನೋಡ್ತಾ ಕಾಫಿ ಕುಡೀತಿದ್ದರು. ಲೋಟ ಕೆಳಗಿಟ್ಟು, ಕಂಬದಿಂದ ಕಣ್ಣು ತೆಗೀದೇನೇ ಹೇಳಿದರು.

"ಜಯ, ಹೂ ಜಾರ್ತಾ ಐತೆ ನೋಡು, ಕಿವಿ ಹತ್ರ."

ಕೈ ಇಟ್ಟು ನೋಡಿಕೊಂಡೆ. ಹೌದು, ಜಾರಿತ್ತು.